ಬುತ್ತಿ ಬುಟ್ಟಿಯ ಕಳ್ಳ

ಬುಟ್ಟಿಯಲ್ಲಿ ರೊಟ್ಟಿಗಳ ಲೆಕ್ಕ ಸರಿಯಾಗಿಯೇ ಇತ್ತು. ವೀರವ್ವನಿಗೆ ಅನುಮಾನ ಹುಟ್ಟಿಸಿದ್ದೇ ಅದು.

ಹಿರೇಬೆಂಡಿಗೇರಿಯಿಂದ ಉಳವಿಗೆ ಪಾದಯಾತ್ರೆ ಹೊರಟವರು ಹನ್ನೊಂದು ಮಂದಿ. ಹಿರಿಯಳಾದ ಗುತ್ತೆವ್ವನದು ಒಂದೇ ಕಟ್ಟಪ್ಪಣೆ: ದಾರಿಯಲ್ಲಿ ಮಜ್ಜಿಗೆ, ಉಳ್ಳಾಗಡ್ಡಿ ಬಿಟ್ಟು ಏನೂ ಕೊಳ್ಳಬಾರದು, ಆದರೂ ಮದುವೆ ಮನೆಯ ಹಾಗೆ ಉಣ್ಣಬೇಕು. ಅದಕ್ಕೇ ವೀರವ್ವ ಎಳ್ಳು ಹಚ್ಚಿ ತೆಳ್ಳಗೆ ಬಡಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಚಟ್ನಿ ತುಂಬಿಕೊಂಡು ಬಂದಿದ್ದಳು. ದಾರಿಯ ತಡಸ ಊರಲ್ಲಿ ಬುಟ್ಟಿ ಬಿಚ್ಚಿದರೆ ನಡುನಡುವೆ ದಪ್ಪನೆಯ, ಕರಕಲು ರೊಟ್ಟಿಗಳು!

“ವೀರವ್ವ, ರೊಟ್ಟಿ ಬಡದೀಯೋ, ಸಗಣಿ ಕುಳ್ಳು ಬಡದೀಯೋ?” ಗುತ್ತೆವ್ವ ಕೇಳಿದಳು. “ಹಿಂಗಾದ್ರ ಬರೂ ವರ್ಷ ಬುತ್ತಿ ಬ್ಯಾರೇದವರಿಗೆ ವಹಿಸ್ತೇನಿ.”

ವೀರವ್ವನಿಗೆ ಅವಮಾನದಿಂದ ಅಳುವೇ ಬಂತು. ಬುಟ್ಟಿ ಇದ್ದದ್ದು ಚಕ್ಕಡಿಯಲ್ಲಿ. ಚಕ್ಕಡಿ ಹೊಡೆಯುವವನು ಉಳಿವೆಪ್ಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಇವಳು ತಿರುಗಿ ನೋಡಿದಾಗಲೆಲ್ಲ ಅವನು ಗಡಬಡಿಸಿ ಎತ್ತಿನ ಬಾಲ ನೋಡುತ್ತಿದ್ದ. ಕಣ್ಣು ಮಾತ್ರ ಚೆಂದ ಇದ್ದವು, ಕಳ್ಳನಿಗೆ!

ಮರುದಿನ ನಸುಕಿಗೇ ಎದ್ದು, ಜೊತೆಗೆ ತಂದಿದ್ದ ಹಿಟ್ಟಿಗೆ ಹಸಿಮೆಣಸಿನಕಾಯಿ ಅರೆದು ಕಲಸಿ ಒಂದು ರೊಟ್ಟಿ ಬಡಿದಳು. ಕೆಂಡದ ಮೇಲೆ ಕಡಕ್ ಮಾಡಿ, ಎಲ್ಲಕ್ಕಿಂತ ಮೇಲಿಟ್ಟಳು. “ರೊಟ್ಟಿ ಕಳ್ಳನ್ನ ಇವತ್ತ ಹಿಡೀತೇನ್ರಿ ಆಯಿ,” ಎಂದು ಗುತ್ತೆವ್ವನಿಗೂ ಹೇಳಿದಳು.

ಮಧ್ಯಾಹ್ನ ಚಕ್ಕಡಿಯ ಹಿಂದೆ ಉಳಿವೆಪ್ಪ ಕೂತಿದ್ದ. ಬಾಯಲ್ಲಿ ರೊಟ್ಟಿ, ಕಣ್ಣಲ್ಲಿ ನೀರು.

“ಯಾಕ್ರಿ, ಅಳಾಕತ್ತೀರಿ?”

“ಧೂಳ್ರೀ.”

“ಬಾಯಾಗಿನ ಧೂಳು ಕಣ್ಣಾಗ ಬಂತೇನ್ರಿ?”

ಅವನು ತಲೆ ತಗ್ಗಿಸಿದ. “ನಾ ಕಳ್ಳ ಅಲ್ರಿ. ಒಂದಕ್ಕ ಒಂದು ನನ್ನ ರೊಟ್ಟಿ ಇಟ್ಟೇನಿ. ಮನ್ಯಾಗ ಹೆಣ್ಣಮಕ್ಕಳಿಲ್ಲ, ನಾನ ಬಡಿಯೂದು. ಹೊಂಟ ದಿನ ನೀವು ಒಂದು ರೊಟ್ಟಿ ಕೊಟ್ಟಿದ್ರಿ. ಆಮ್ಯಾಲ ನಂದು ಗಂಟಲದಾಗ ಇಳೀಲಿಲ್ಲ.”

“ಬಾಯಿಬಿಟ್ಟು ಕೇಳಬಾರದಿತ್ತೇನು?”

“ಕೇಳಿದ್ರ ಬರೇ ರೊಟ್ಟಿ ಕೇಳಿ ಸುಮ್ಮನಾಗತಿದ್ದಿಲ್ರೀ ನಾ.”

ವೀರವ್ವನ ಸಿಟ್ಟು ಎಲ್ಲಿ ಹೋಯಿತೋ! ಅವನ ಗಂಟಿನಿಂದ ಕರಕಲು ರೊಟ್ಟಿಯೊಂದನ್ನು ಎತ್ತಿಕೊಂಡು ಕಟಂ ಎಂದು ಕಡಿದಳು. ಉಪ್ಪೇ ಇರಲಿಲ್ಲ. ಪೂರ್ತಿ ತಿಂದಳು. ಅವನೂ ಖಾರದ ರೊಟ್ಟಿಯನ್ನು ಚೂರೂ ಬಿಡಲಿಲ್ಲ.

“ನೀರರೆ ಕುಡೀರಿ,” ಎಂದು ತಂಬಿಗೆ ಮುಂದೆ ಹಿಡಿದಳು. ತೆಗೆದುಕೊಳ್ಳುವಾಗ ಬೆರಳು ತಾಕಿತು. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುಂದಿನಿಂದ ಗುತ್ತೆವ್ವ ಕೂಗಿದಳು. “ಏ ಹುಡುಗಿ, ಕಳ್ಳ ಸಿಕ್ಕನೇನು?”

“ಸಿಕ್ಕಾನ್ರಿ ಆಯಿ,” ಎಂದಳು ವೀರವ್ವ, ಅವನ ಕಣ್ಣನ್ನೇ ನೋಡುತ್ತ. “ಇನ್ನ ಬಿಡಾಂಗಿಲ್ಲ.”