ಮಾವನ ಪಾಲಿನ ಚಾಕೊಲೇಟ್

ಜರ್ಮನಿಯ ಸ್ಯಾಕ್ಸನಿಯ ಬೆಟ್ಟದೂರು ನಮ್ಮದು. ಡಿಸೆಂಬರ್ ಬಂದರೆ ನಮ್ಮತ್ತೆ ಒಟ್ಟೀಲಿಯೆ ಮನೆಮಂದಿಗೆಲ್ಲ ಒಂದೊಂದು ಚಾಕೊಲೇಟ್ ಕ್ಯಾಲೆಂಡರ್ ತಂದು ಬಾಗಿಲ ಪಕ್ಕ ತೂಗುಹಾಕುತ್ತಾರೆ. ಕ್ರಿಸ್‌ಮಸ್ ಬರುವವರೆಗೆ ದಿನಕ್ಕೊಂದರಂತೆ ಅದರ ಪುಟ್ಟ ರಟ್ಟಿನ ಕಿಟಕಿ ತೆರೆದು, ಒಳಗಿನ ಚಾಕೊಲೇಟ್ ತಿಂದೇ ಹೊರಗೆ ಕಾಲಿಡಬೇಕು.

ಒಂದು ವರ್ಷ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಆದರೂ ಆ ಡಿಸೆಂಬರಿನಲ್ಲಿ ಅತ್ತೆ ಅವರ ಹೆಸರಲ್ಲೊಂದು ಕ್ಯಾಲೆಂಡರ್ ತೂಗುಹಾಕಿ, ದಿನಾ ಬೆಳಿಗ್ಗೆ ಅವರ ಚಾಕೊಲೇಟನ್ನು ಹೊರಗಿನ ಮೆಟ್ಟಿಲ ಮೇಲಿಡುತ್ತಿದ್ದರು. ಹಕ್ಕಿಗಳು ತಿನ್ನುತ್ತವೆ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಮಗಳು ಫ್ರೀಡಾ ಹಟ ಹಿಡಿದಳೆಂದು, ಅತ್ತೆ ಹೊರಗಿಡುವ ಮೊದಲೇ ಮಾವನ ಚಾಕೊಲೇಟನ್ನು ಅವಳಿಗೇ ಕೊಟ್ಟುಬಿಟ್ಟೆ. ಸ್ಕೂಲಿಗೆ ಬಿಡಲು ಹೊರಟು ಬಾಗಿಲು ಎಳೆದರೆ ಬೆರಳು ತೂರುವಷ್ಟೇ ತೆರೆಯಿತು. ಸಂದಿಯಿಂದ ಒದ್ದೆ ಉಣ್ಣೆಯ ವಾಸನೆ ಬಂತು. ಆಮೇಲೆ ಆ ಕಡೆಯಿಂದ ಯಾರೋ ಎಳೆದುಕೊಂಡ ಹಾಗೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಹಿತ್ತಿಲ ಬಾಗಿಲು ಹಿಮದಲ್ಲಿ ಹೂತಿತ್ತು, ಕಿಟಕಿಗಳಿಗೆ ಕಬ್ಬಿಣದ ಸರಳು.

"ಬಾಗಿಲು ತೆರೀತಿಲ್ಲ ಅತ್ತೆ."

"ನಿಮ್ಮ ಮಾವನ ಪಾಲು ಎಲ್ಲಿದೆಯಮ್ಮ?"

"ಫ್ರೀಡಾ ತಿಂದಳು."

ಅತ್ತೆ ಹಾಕಿಕೊಂಡಿದ್ದ ಕೋಟನ್ನು ಬಿಚ್ಚಿದರು. "ಹಾಗಾದ್ರೆ ಕೂತ್ಕೋ. ಇವತ್ತು ಯಾರನ್ನೂ ಹೊರಗೆ ಬಿಡಲ್ಲ ಅವರು."

ಮಧ್ಯಾಹ್ನದವರೆಗೂ ಎಳೆದೆ. ಪ್ರತಿಸಲವೂ ಬಾಗಿಲು ಅಷ್ಟೇ ತೆರೆದು, ಅಷ್ಟೇ ಮೆಲ್ಲಗೆ ಮುಚ್ಚಿತು. ಫ್ರೀಡಾ ಅತ್ತೂ ಅತ್ತೂ ನಿದ್ದೆಹೋಗಿದ್ದಳು. ಕೊನೆಗೆ ನನ್ನ ಕೂಗು ಕೇಳಿ ಪಕ್ಕದ ಮನೆಯ ಡೆಟ್ಲೆಫ್ ಬಂದು, ಹೊರಗಿನಿಂದ ಸಲೀಸಾಗಿ ಬಾಗಿಲು ನೂಕಿದ. ಮೆಟ್ಟಿಲ ಹಿಮದಲ್ಲಿ ಅವನ ಹೆಜ್ಜೆಗಳನ್ನು ಬಿಟ್ಟರೆ ಬೇರೆ ಗುರುತೇ ಇರಲಿಲ್ಲ.

ಅವನು ಕೈಗವಸು ಹಾಕಿರಲಿಲ್ಲ. ಅಂಗೈ ನೋಡಿಕೊಳ್ಳುತ್ತ ಕೇಳಿದ: "ಇಂಥ ಚಳೀಲಿ ಈ ಹಿಡಿಕೆ ಯಾಕೆ ಬೆಚ್ಚಗಿದೆ?"