ಗಾಜಿನ ಮೇಲ್ಗಡೆಯ ಒಂದು ಗೇಣು

ಬ್ಯಾಗಿನಲ್ಲಿ ಕೀಲಿಗಾಗಿ ತಡಕಾಡುತ್ತಿದ್ದಳು. ಅಷ್ಟರಲ್ಲಿ ಬಾಗಿಲು ತಾನಾಗಿಯೇ ತೆರೆಯಿತು. ಎದುರಿಗೆ ನಿಂತವನ ಎದೆಗೆ ಅವಳ ಹಣೆ ಬಡಿಯುವುದೊಂದು ಬಾಕಿ!

ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಬೆಲ್ ಒತ್ಬಹುದಿತ್ತಲ್ಲ," ಎಂದ ಅವನು.

"ಕೀಲಿ ಇನ್ನೂ ನನ್ನ ಹತ್ರಾನೇ ಇದೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಿಟ್ಟು ಹೋದ ಮನೆಯ ಕೀಲಿಯನ್ನು ಯಾರಾದರೂ ಇಷ್ಟು ಜೋಪಾನ ಮಾಡುತ್ತಾರಾ? ಏನೆಂದುಕೊಂಡನೋ...

ಅವನು ಏನನ್ನೂ ಅಂದುಕೊಂಡ ಹಾಗೆ ಕಾಣಲಿಲ್ಲ. ದಾರಿ ಬಿಟ್ಟು ನಿಂತ. ಕೆನ್ನೆ ಒಳಗೆ ಹೋಗಿತ್ತು. ಹೊಸ ಅಂಗಿ. 'ಅದನ್ನು ಯಾರು ಆರಿಸಿದರು?' ಎಂಬ ಪ್ರಶ್ನೆ ಕರೆಯದೇ ಬಂದು ಅವಳ ತಲೆಯಲ್ಲಿ ಕೂತಿತು.

ಅವಳು ಕನ್ನಡಕದ ಅಂಗಡಿಯವಳು. ಅವನು ಲಿಫ್ಟ್ ರಿಪೇರಿಯವನು. ಕಾಗದದ ಮೇಲೆ ಇನ್ನೂ ಗಂಡ ಹೆಂಡತಿ. ಹೋದ ಬೇಸಿಗೆಯಲ್ಲಿ ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಹೊರಟವಳು ಈ ಹೊಸ್ತಿಲು ತುಳಿದದ್ದು ಇವತ್ತೇ. ಅದೂ ಉಳಿಯಲಿಕ್ಕಲ್ಲ. ಮಾಲೀಕರು ಮನೆ ಬಿಡಿಸುತ್ತಿದ್ದರು. 'ನಿನ್ನ ಸಾಮಾನು ಇದೆ, ಭಾನುವಾರ ಬಂದು ತಗೊಂಡು ಹೋಗು' ಎಂದು ಅವನ ಮೆಸೇಜ್ ಬಂದಿತ್ತು.

ಬರೀ 'ಬಾ' ಎಂದು ಹಾಕಿದ್ದರೆ ಆ ರಾತ್ರಿಯೇ ಬಂದುಬಿಡುತ್ತಿದ್ದಳು. ಆದರೆ ಹಾಕಿರಲಿಲ್ಲ. ಈ ಮನೆಯೂ ಕೈಬಿಟ್ಟರೆ, ಇಬ್ಬರೂ ಒಂದೇ ಜಾಗಕ್ಕೆ ಬರಲು ಇನ್ನು ಯಾವ ನೆಪವೂ ಇರುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಚೋಟು... ನೀರು ಕುಡೀತೀಯಾ?"

ಆ ಹೆಸರು!

"ಬೇಡ. ಸಾಮಾನು ಎಲ್ಲಿದೆ?"

ಒಂದು ಕಾಲದಲ್ಲಿ ಅವಳ ಅಂಗಡಿಯ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತ್ತು. ಒಳಗೆ ಅವಳೊಬ್ಬಳೇ. ಮೇಲಿನಿಂದ ಬಾಗಿಲು ಸರಿಸಿ, ಉದ್ದನೆಯ ಕೈಯೊಂದು ಇಳಿದು ಬಂತು. "ಹೆದರ್ಬೇಡಿ, ಏಣಿ ತರಿಸ್ಲಾ?" ಎಂದು ಕೇಳಿತು ಮೇಲಿನ ದನಿ. ಅವಳು ತಲೆಯೆತ್ತಿ ನೋಡಿ, ಭಯದಲ್ಲೂ, "ಯಾಕೆ? ನೀವೇ ಏಣಿ ಇದ್ದ ಹಾಗಿದ್ದೀರಲ್ಲ!" ಎಂದಿದ್ದಳು. ಅವನು ನಕ್ಕ ನಗುವಿಗೆ ಲಿಫ್ಟೇ ಅಲುಗಿತ್ತು. ಅಂದಿನಿಂದ ಅವನು ಏಣಿ, ಅವಳು ಚೋಟು.

ಅಂಥವರು ಬೇರೆಯಾದದ್ದು ಒಂದು ಗಾಜಿನ ದೆಸೆಯಿಂದ ಎಂದರೆ ಯಾರು ನಂಬುತ್ತಾರೆ? ಅಕ್ಕನಂತೂ ಇವತ್ತಿಗೂ ನಂಬಿಲ್ಲ.

ಈ ಮನೆಯ ಬಚ್ಚಲಿಗೆ ಗಾಜಿನ ತಡಿಕೆ. ಊರಿಗೆಲ್ಲ ಉಪ್ಪು ನೀರು. ಸ್ನಾನ ಮಾಡಿ ಹಾಗೇ ಬಿಟ್ಟರೆ ಪ್ರತಿ ಹನಿಯೂ ಒಣಗಿ ಬಿಳಿ ಚುಕ್ಕೆಯಾಗುತ್ತದೆ. ದಿನವಿಡೀ ಮಸೂರ ಒರೆಸಿ ಮನೆಗೆ ಬರುವವಳಿಗೆ ಗಾಜಿನ ಮೇಲೆ ಚುಕ್ಕೆ ಕಂಡರೆ ಕಣ್ಣಿಗೆ ಮರಳು ಬಿದ್ದ ಹಾಗೆ. ಪುಟ್ಟ ರಬ್ಬರ್ ವೈಪರ್ ತಂದು, ಗೋಡೆಗೆ ಕೊಕ್ಕೆ ಅಂಟಿಸಿ ನೇತುಹಾಕಿದ್ದಳು. ಎಷ್ಟು ಎಟುಕಿಸಿಕೊಂಡರೂ ಗಾಜಿನ ಮೇಲ್ಗಡೆಯ ಒಂದು ಗೇಣು ಅವಳ ಕೈಗೆ ಸಿಗುತ್ತಿರಲಿಲ್ಲ.

"ಅದೊಂದು ಗೇಣು ನೀವು ಎಳೆದುಬಿಡಿ. ಉಳಿದಿದ್ದು ನಾನು ನೋಡ್ಕೋತೀನಿ," ಎನ್ನುತ್ತಿದ್ದಳು.

"ಹೂಂ," ಎನ್ನುತ್ತಿದ್ದ.

ಒಂದು ದಿನವೂ ಎಳೆಯಲಿಲ್ಲ. ಮೇಲ್ಗಡೆಯ ಗೇಣು ಸುಣ್ಣ ಬಳಿದಂತೆ ಬೆಳ್ಳಗಾಯಿತು.

ಗಾಜಿಗಾಗಿ ಯಾರೂ ಮನೆ ಬಿಡುವುದಿಲ್ಲ. ತನ್ನ ಮಾತು ಆ 'ಹೂಂ' ಎಂಬ ಗುಂಡಿಗೆ ಬಿದ್ದು ಸದ್ದಿಲ್ಲದೆ ಹೋಗುವುದನ್ನು ನೋಡಿ ನೋಡಿ ಸಾಕಾಗಿ ಮನೆ ಬಿಡುತ್ತಾರೆ. ಕೊನೆಯ ದಿನ ಅವನು ಕೂಗಿದ್ದ. "ಈ ಮನೇಲಿ ನಾನೇ ದೊಡ್ಡ ಕಲೆ ಅಲ್ವಾ? ನನ್ನನ್ನೂ ಒರೆಸಿ ಹಾಕು!"

"ಒರೆಸಿದ್ರೆ ಹೋಗೋ ಹಾಗಿದ್ರೆ ಯಾವತ್ತೋ ಒರೆಸ್ತಿದ್ದೆ!"

ಆ ಮಾತನ್ನು ಅವಳು ಆಮೇಲೆ ಎಷ್ಟು ಸಲ ನುಂಗಲು ನೋಡಿದಳೋ! ಆದರೆ ಆಡಿಯಾಗಿತ್ತು. ಅಕ್ಕನ ಮನೆಯಲ್ಲಿ ಬಕೆಟ್ಟು, ಚೊಂಬು. ಗಾಜಿಲ್ಲ, ವೈಪರ್ ಇಲ್ಲ. ಆದರೂ ದಿನಾ ಸ್ನಾನ ಮುಗಿದ ಮೇಲೆ ಅವಳ ಬಲಗೈ ತಾನಾಗಿ ಗೋಡೆಯತ್ತ ಹೋಗುತ್ತಿತ್ತು. ಬರೀ ಗೋಡೆ ಮುಟ್ಟಿ ವಾಪಸ್ ಬರುತ್ತಿತ್ತು. ಅಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು. ಹೊರಗಿನಿಂದ ಅಕ್ಕ, "ಏನೇ, ಒಳಗೇ ಸಂಸಾರ ಹೂಡಿದ್ಯಾ?" ಎಂದು ಬಾಗಿಲು ಬಡಿದಾಗಲೇ ಎಚ್ಚರ.

ಈಗ ರಟ್ಟಿನ ಡಬ್ಬಗಳ ನಡುವೆ ಕೂತು ತನ್ನ ಬಟ್ಟೆಗಳನ್ನು ತುಂಬಿದಳು. ಕೈಗೆಲ್ಲ ಧೂಳು.

"ಕೈ ತೊಳ್ಕೊಂಡು ಬರ್ತೀನಿ," ಎಂದು ಬಚ್ಚಲಿಗೆ ಹೋದಳು.

ಹೋದವಳು ಕೈ ತೊಳೆಯುವುದನ್ನೇ ಮರೆತಳು.

ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ! ಟೈಲ್ಸ್ ಸಂದುಗಳಲ್ಲಿ ಬೂಷ್ಟಿನ ಸುಳಿವಿಲ್ಲ. ನಲ್ಲಿ ಕನ್ನಡಿಯಂತೆ. ನೆಲ ಒಣಗಿ ಗರಿಗರಿ.

ಮತ್ತೆ... ಮೇಲ್ಗಡೆಯ ಆ ಒಂದು ಗೇಣು?

ಕತ್ತೆತ್ತಿದಳು. ಅದೂ ಹೊಳೆಯುತ್ತಿತ್ತು.

ಬಾಗಿಲು ಹಾಕಿ, ಫೋನ್ ತೆಗೆದು, ದನಿ ತಗ್ಗಿಸಿದಳು. "ಅಕ್ಕಾ... ಗಾಜು ಒಣಗಿದೆ!"

"ಒಣಗಿದ್ರೆ ಒಳ್ಳೇದಲ್ವೇನೇ? ಅದಕ್ಕೆ ಫೋನ್ ಮಾಡ್ತಾರಾ?"

"ಅಯ್ಯೋ, ಯಾರೋ ಒರೆಸಿದ್ದಾರೆ ಅಕ್ಕಾ!"

"ಮನೆ ಬಿಡ್ತಿದ್ದಾನಲ್ಲ, ಯಾರ ಹತ್ರನೋ ಕ್ಲೀನ್ ಮಾಡ್ಸಿರ್ತಾನೆ ಬಿಡು."

"ಒಂದು ದಿನದ ಕೆಲಸ ಅಲ್ಲ ಇದು. ದಿನಾ ಒರೆಸಿರೋ ಗಾಜು ನಂಗೆ ಗೊತ್ತಾಗಲ್ವಾ? ಇವತ್ತಿನ ಸೋಪು ಇನ್ನೂ ಒದ್ದೆ ಇದೆ, ಗಾಜು ಮಾತ್ರ ಒಣಗಿದೆ. ಅದೂ ತುದಿವರೆಗೂ. ಎತ್ತರದವಳು ಅಕ್ಕಾ..."

"ಯಾವಳೇ?"

"ಈ ಗಾಜು ಒರೆಸಿದವಳು! ಇವರ ಜೊತೆ ಯಾವಳೋ ಇದ್ದಾಳೆ."

"ಅವನೇ ಒರೆಸಿರಬಾರದಾ?"

"ಏಣಿನಾ? ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ರೂ ಒರೆಸಲ್ಲ!"

ಫೋನ್ ಇಟ್ಟಳು. ತಾನು ವರ್ಷಗಟ್ಟಲೆ ಬೇಡಿ ಪಡೆಯಲಾರದ ಒಂದು ಗೇಣನ್ನು ಯಾವಳೋ ಬಂದು ಸಲೀಸಾಗಿ ಎಳೆದು ಹೋಗಿದ್ದಾಳೆ. ನೀಳ ಕೈ, ನೀಳ ಕತ್ತು. ಅವನ ಪಕ್ಕ ನಿಂತರೆ ಜೋಡಿ ಅಂದರೆ ಜೋಡಿ! ತಾನಾದರೋ ಫೋಟೋದಲ್ಲಿ ಯಾವಾಗಲೂ ಅವನ ಅಂಗಿಯ ಜೇಬಿನ ಎತ್ತರಕ್ಕೇ ಬರುವವಳು...

ಹೊರಗೆ ಬಂದಳು. ಅವನು ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದ.

"ಬಚ್ಚಲು ಚೊಕ್ಕವಾಗಿದೆ," ಎಂದಳು, ದನಿ ನಡುಗದಂತೆ.

ಅವನ ಕಿವಿ ಕೆಂಪಾಯಿತು. "ಹೂಂ..."

"ಒರೆಸೋರು ಎತ್ತರ ಇದ್ದಾರೆ ಅನ್ಸುತ್ತೆ."

ಅವನು ತಲೆ ತಗ್ಗಿಸಿಯೇ ನಕ್ಕ. "ಸ್ವಲ್ಪ ಜಾಸ್ತಿನೇ ಎತ್ತರ."

"ದಿನಾ ಬರ್ತಾರಾ?"

"ಬರೋದೇನು, ಇಲ್ಲೇ ಇರೋದಲ್ವಾ!"

ಮುಗಿಯಿತು. ಇಲ್ಲೇ ಇರುವುದಂತೆ! ಅದನ್ನು ನಗುತ್ತಾ ಹೇಳುತ್ತಾನೆ ಬೇರೆ!

"ನನ್ನ ಸಾಮಾನು ಇನ್ನೊಂದು ಉಳಿದಿದೆ," ಎಂದು ದಡದಡನೆ ಮತ್ತೆ ಬಚ್ಚಲಿಗೆ ನಡೆದಳು. ಆ ಎತ್ತರದವಳು ಯಾರೇ ಆಗಿರಲಿ, ಗಂಡನನ್ನು ಇಟ್ಟುಕೊಂಡಿದ್ದಾಳೆ. ವೈಪರನ್ನೂ ಬಿಟ್ಟುಕೊಡಬೇಕಾ? ಅದು ತಾನು ತಂದದ್ದು!

ಕಣ್ಣು ಮಂಜಾಗಿತ್ತು. ನೋಡದೆಯೇ ಬಲಗೈ ಚಾಚಿದಳು. ವೈಪರಿನ ಹಿಡಿ ಬಂದು ಅಂಗೈಯಲ್ಲಿ ಕೂತಿತು.

ಹಾಗೇ ನಿಂತಳು.

ಅಕ್ಕನ ಮನೆಯಲ್ಲಿ ದಿನಾ ಬರೀ ಗೋಡೆ ಮುಟ್ಟುತ್ತಿದ್ದ ಕೈ ಇದು. ಇಲ್ಲಿ ಒಂದಿಷ್ಟೂ ಹುಡುಕಲಿಲ್ಲ. ಕೊಕ್ಕೆ ಅವಳು ಅಂಟಿಸಿದ ಜಾಗದಲ್ಲೇ ಇತ್ತು. ಅವಳ ಭುಜದ ನೇರಕ್ಕೆ. ಅವನಿಗಾದರೆ ಸೊಂಟದ ಹತ್ತಿರ. ಎತ್ತರದ ಹೆಂಗಸಾಗಿದ್ದರೆ ಎರಡನೇ ದಿನವೇ ಕಿತ್ತು ಮೇಲೆ ಅಂಟಿಸುತ್ತಿದ್ದಳು. ದಿನಾ ಬಗ್ಗಿ ಬಗ್ಗಿ ಯಾರು ತೆಗೆದುಕೊಳ್ಳುತ್ತಾರೆ?

"ಅದು ಯಾಕೆ ಬೇಕು ನಿಂಗೆ?" ಬಾಗಿಲಲ್ಲಿ ಅವನು ನಿಂತಿದ್ದ. ನಗು ಮಾಯವಾಗಿತ್ತು.

"ಅವಳು ಕೊಕ್ಕೆ ಯಾಕೆ ಮೇಲೆ ಹಾಕ್ಲಿಲ್ಲ?"

"ಯಾವಳು?"

"ಎತ್ತರದವಳು! ಇಲ್ಲೇ ಇರೋಳು!"

ಅವನು ಕಣ್ಣು ಕಣ್ಣು ಬಿಟ್ಟ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

"ಲೇ... ನಾನು ಕಣೆ! ನಾನೇ ಒರೆಸೋದು!"

"ಸುಳ್ಳು."

ಒಳಗೆ ಬಂದು ಶವರ್ ತಿರುಗಿಸಿದ.

"ಅಯ್ಯೋ! ಒಣಗಿತ್ತಲ್ರೀ!" ಎಂದು ಅವಳು ಕಿರುಚಿದಳು. ಗಾಜಿನ ತುಂಬ ನೀರು. ಅವನ ಹೊಸ ಅಂಗಿಯೂ ತೊಯ್ದು ತೊಪ್ಪೆ.

ನೀರು ನಿಲ್ಲಿಸಿ, ಅವಳ ಕೈಯಿಂದ ವೈಪರ್ ತೆಗೆದುಕೊಂಡ. ಮೇಲ್ಗಡೆಯ ಗೇಣಿನಿಂದ ಶುರು ಮಾಡಿದ. ಒಂದೇ ಎಳೆತ, ಬುಡದವರೆಗೆ. ರಬ್ಬರಿನ ಅಂಚನ್ನು ಕಿಟಕಿಯ ಮೇಲಿದ್ದ ಬಟ್ಟೆಗೆ ಒರೆಸಿಕೊಂಡ. ಪಕ್ಕದಲ್ಲಿ ಇನ್ನೊಂದು ಎಳೆತ. ಮತ್ತೆ ಅಂಚು ಒರೆಸಿಕೊಂಡ.

'ಪ್ರತಿ ಸಲ ಅಂಚು ಒರೆಸ್ಕೋಬೇಕು, ಇಲ್ಲಾಂದ್ರೆ ಗೆರೆ ಬೀಳುತ್ತೆ' ಎಂದು ಎಂದೋ ಒಮ್ಮೆ ಹೇಳಿದ್ದಳು. ಒಂದೇ ಒಂದು ಸಲ. ಆಗಲೂ ಅವನು 'ಹೂಂ' ಎಂದಿದ್ದ.

ಆ ಗುಂಡಿಗೆ ಬಿದ್ದ ಮಾತೊಂದೂ ಕಳೆದುಹೋಗಿರಲಿಲ್ಲವಾ?

ಟೈಲ್ಸ್ ಮೇಲೂ ವೈಪರ್ ಎಳೆದ. ಮೂಲೆಗಳಿಗೆ ಬಟ್ಟೆ ಹಾಕಿದ. ನಲ್ಲಿ ಒರೆಸಿದ. ನೆಲದ ನೀರನ್ನು ಜಾಲರಿಗೆ ನೂಕಿ, ಗಾಳಿಯಾಡಲೆಂದು ಕಿಟಕಿ ಓರೆ ಮಾಡಿದ. ಕೊನೆಗೆ ಸೊಂಟ ಬಗ್ಗಿಸಿ ವೈಪರನ್ನು ಕೊಕ್ಕೆಗೆ ಹಾಕಿದ.

"ನೀನು ಹೋದ್ಮೇಲೆ ಮೊದಮೊದಲು ಹಠಕ್ಕೆ ಒರೆಸ್ಲಿಲ್ಲ," ಎಂದ, ಗೋಡೆ ನೋಡುತ್ತಾ. "ಹಾಳಾಗ್ಲಿ ಅಂತ ಬಿಟ್ಟೆ. ಗಾಜು ಎಷ್ಟು ಬೆಳ್ಳಗಾಯ್ತು ಅಂದ್ರೆ ಆಚೆ ಏನೂ ಕಾಣ್ತಿರಲಿಲ್ಲ. ಒಂದು ಭಾನುವಾರ ವಿನೆಗರ್ ತಂದು ಕೂತು ತಿಕ್ಕಿದೆ. ಕೈ ಬಿದ್ದು ಹೋಯ್ತು. ದಿನಾ ಒಂದು ನಿಮಿಷದ ಕೆಲಸ ಇದು. ನೀನು ಅದನ್ನೇ ಕೇಳಿದ್ದು. ಅದೂ ಒಂದು ಗೇಣು."

"ಫೋನ್ ಮಾಡಿ ಹೇಳೋಕೇನಾಗಿತ್ತು?"

"ಏನಂತ? 'ಗಾಜು ಒರೆಸಿದ್ದೀನಿ, ಬಂದ್ಬಿಡು' ಅಂತನಾ? ಫೋನ್ ಇಟ್ಟುಬಿಡ್ತಿದ್ದೆ ನೀನು. ಒರೆಸಿದ್ರೆ ಹೋಗೋ ಕಲೆ ನಾನಲ್ಲ ಅಂತ ನೀನೇ..."

"ಸಾಕು!" ಅವಳ ಅಂಗೈ ಅವನ ಬಾಯಿಗೆ ಹೋಗಬೇಕಿತ್ತು, ಎಟುಕದೆ ಗದ್ದಕ್ಕೆ ನಿಂತಿತು. "ಆ ಮಾತು ಇನ್ನೊಂದ್ಸಲ ಆಡ್ಬೇಡಿ. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ದಿನಾ ಸ್ನಾನದ ಮನೇಲಿ ನಿಂತು ಅದನ್ನೇ ನೆನೆಸ್ಕೊಂಡು ಅಳ್ತೀನಿ, ಗೊತ್ತಾ ನಿಮಗೆ?"

ಅವನು ಕದಲಲಿಲ್ಲ. ಗದ್ದದ ಮೇಲಿನ ಕೈ ಕೆಳಗಿಳಿದುಬಿಟ್ಟೀತೆಂದು ಹೆದರಿದವನಂತೆ ನಿಂತಿದ್ದ.

"ಈ ಕೊಕ್ಕೆ..." ಎಂದಳು ಮೆಲ್ಲಗೆ. "ನಿಮ್ಮ ಎತ್ತರಕ್ಕೆ ಹಾಕ್ಕೋಬಹುದಿತ್ತಲ್ಲ? ದಿನಾ ಬಗ್ಗೋದ್ಯಾಕೆ?"

"ನೀನು ಬಂದ್ರೆ ಎಟುಕ್ಬೇಕಲ್ಲ."

ಅಷ್ಟು ದಿನ ಹಿಡಿದಿಟ್ಟ ಕಣ್ಣೀರು ಅಲ್ಲಿಗೆ ಕಟ್ಟೆಯೊಡೆಯಿತು. ಒದ್ದೆ ಅಂಗಿಯ ಜೇಬಿಗೆ ಹಣೆಯಿಟ್ಟು ಬಿಕ್ಕಿದಳು. ಅವನ ಉದ್ದ ಕೈಗಳು ಅವಳ ಬೆನ್ನನ್ನು ಪೂರ್ತಿ ಸುತ್ತಿದವು.

"ಹೊಸ ಮನೆ ಎಲ್ಲಿ ಹಿಡಿದ್ರಿ?" ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು.

"ಹಿಡಿದಿಲ್ಲ."

"ಅಯ್ಯೋ, ಮನೆ ಖಾಲಿ ಮಾಡ್ಬೇಕಲ್ರೀ! ಯಾಕೆ?"

"ಹೋದ ಕಡೆಯೆಲ್ಲ ಎಷ್ಟು ಜನ ಇರ್ತೀರಿ ಅಂತ ಕೇಳ್ತಾರೆ. ಏನು ಹೇಳಬೇಕೋ ಗೊತ್ತಾಗದೆ ವಾಪಸ್ ಬರ್ತಿದ್ದೆ."

ಅವಳು ಅವನನ್ನು ಬಿಟ್ಟು ಗೋಡೆಯತ್ತ ತಿರುಗಿದಳು. ಉಗುರು ತೂರಿಸಿ, ಕೊಕ್ಕೆಯನ್ನು ಮೆಲ್ಲಗೆ ಕಿತ್ತು ಅವನ ಅಂಗೈಯಲ್ಲಿಟ್ಟಳು.

"ಇಬ್ಬರು ಅಂತ ಹೇಳಿ."

ಅವನ ಬೆರಳುಗಳು ಕೊಕ್ಕೆಯನ್ನೂ ಅವಳ ಕೈಯನ್ನೂ ಒಟ್ಟಿಗೇ ಮುಚ್ಚಿಕೊಂಡವು.

"ಅಲ್ಲಿ ಇದನ್ನ ಎಲ್ಲಿ ಅಂಟಿಸೋಣ? ಇಬ್ಬರಿಗೂ ಆಗೋ ಹಾಗೆ ಮಧ್ಯದಲ್ಲಾ?"

"ಮಧ್ಯ ಗಿಧ್ಯ ಏನೂ ಬೇಡ," ಎಂದಳು ಚೋಟು, ಅವನ ಒದ್ದೆ ಕಾಲರ್ ಹಿಡಿದು ಕೆಳಗೆ ಜಗ್ಗುತ್ತಾ. "ನಿಮಗೆ ಬಗ್ಗೋದು ರೂಢಿ ಆಗಿದೆಯಲ್ಲ... ಬಗ್ಗಿ!"

ಅವನು ಬಗ್ಗಿದ.