ಕತ್ತಿನ ಡಾಕ್ಟರ ಅರೆಬರೆ ಫೈಲುಗಳು

ಕತ್ತಿನ ಡಾಕ್ಟರು ಫೈಲನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ವಾಪಸ್ ಕಳಿಸಿದ್ದು ಯಾರು?" ಎಂದರು.

"ನಾನೇ," ಎಂದೆ. ತಲೆ ಎತ್ತಲಿಲ್ಲ. ಜಗಳಕ್ಕೆ ಬಂದವರ ಮುಖ ನೋಡಿದರೆ ನನಗೆ ಮಾತು ಮರೆತುಹೋಗುತ್ತದೆ.

"ಕತ್ತಿನ ಮೂಳೆ ಸವೆದಿದೆ ಅಂತ ಬರೆದಿದ್ದೀನಲ್ಲ, ಇನ್ನೇನು ಬೇಕು?"

"ಸವೆದ ಮೂಳೆ ಬೆನ್ನುಹುರಿನ ಒತ್ತುತ್ತಿದೆಯಾ ಇಲ್ವಾ, ಅದು ಬೇಕು. ಒತ್ತದಿದ್ರೆ ಒಂದು ಕೋಡ್, ಒತ್ತಿದ್ರೆ ಬೇರೆ ಕೋಡ್."

"ಸ್ಕ್ಯಾನ್ ನೋಡಿದ್ರೆ ಗೊತ್ತಾಗುತ್ತಲ್ರೀ."

"ಗೊತ್ತಾಗುತ್ತೆ ಸರ್. ಆದ್ರೆ ನಾನು ಊಹೆ ಮಾಡಿ ಕೋಡ್ ಹಾಕೋ ಹಾಗಿಲ್ಲ. ನೀವೇ ಬರೀಬೇಕು."

ರೇಗುತ್ತಾರೆ ಎಂದುಕೊಂಡೆ. ಪುಣ್ಯಾತ್ಮ ಕುರ್ಚಿ ಎಳೆದುಕೊಂಡು ಕೂತು, ನನ್ನ ಪೆನ್ನನ್ನೇ ಕೇಳಿ ಪಡೆದು, ಬಿಟ್ಟಿದ್ದ ಸಾಲನ್ನು ಬರೆದರು. ಆಮೇಲೆ ನಕ್ಕರು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಮೊದಲು ಸಣ್ಣದಾಗುತ್ತಿತ್ತು. ಇಂಥದ್ದನ್ನೆಲ್ಲ ಗಮನಿಸುವುದು ನನ್ನ ಕೆಲಸವಲ್ಲ. ಆದರೂ ಗಮನಿಸಿದೆ.

ನಮ್ಮದು ಆಸ್ಪತ್ರೆಯ ಹಿಂಬದಿಯ ಕೋಣೆ. ಡಾಕ್ಟರುಗಳು ಬರೆದ ಕಾಯಿಲೆಗಳನ್ನು ಕೋಡುಗಳಾಗಿ ಮಾಡಿ ವಿಮೆ ಕಂಪನಿಗೆ ಕಳಿಸುತ್ತೇವೆ. ಬೆನ್ನುಹುರಿಯ ಕೋಡ್ ಹೋದರೆ ಆಪರೇಷನ್ನಿಗೆ ಒಪ್ಪಿಗೆ, ಬರೀ ಸವೆತದ ಕೋಡ್ ಹೋದರೆ 'ಮಾತ್ರೆ ನುಂಗಿ, ವ್ಯಾಯಾಮ ಮಾಡಿ' ಎಂಬ ಉತ್ತರ. ಯಾವ ಡಾಕ್ಟರೂ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಇವರು ಮಾತ್ರ ಬರತೊಡಗಿದರು. ಯಾವ ಫೈಲು ನೋಡಿದರೂ ಅದೇ ಸಾಲು ಇಲ್ಲ. ನಾನು ಫೋನ್ ಮಾಡುವುದು, ಇವರು ಮೆಟ್ಟಿಲಿಳಿದು ಬರುವುದು.

"ಅಲ್ಲೇ ಕೂತು ಬರೆದು ಕಳಿಸಬಹುದಿತ್ತಲ್ಲ ಸರ್."

"ನಿಮ್ಮ ಪೆನ್ನಲ್ಲಿ ಬರೆದ್ರೆ ಅಕ್ಷರ ದುಂಡಗೆ ಬರುತ್ತೆ."

"ಡಾಕ್ಟ್ರ ಅಕ್ಷರ ದುಂಡಗಾದ್ರೆ ಮೆಡಿಕಲ್ ಶಾಪಿನೋರು ಗಾಬರಿ ಬೀಳ್ತಾರೆ."

ನನ್ನನ್ನೇ ನೋಡುತ್ತಾ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟು ಸಣ್ಣ ಮುಚ್ಚಳಕ್ಕೆ ಅಷ್ಟು ಹೊತ್ತು ಯಾಕೆ ಬೇಕೋ.

ಎದುರು ಮೇಜಿನಲ್ಲಿ ಕೂರುವ ನಮ್ಮ ಹಿರಿಯ ಸಹೋದ್ಯೋಗಿಯನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಅವರ ಕಣ್ಣಿಗೆ ಮಣ್ಣೆರಚಲು ಆಗದು. "ಏನೇ, ಈ ಡಾಕ್ಟ್ರಿಗೆ ಮರೆವು ಜಾಸ್ತಿ ಆಯ್ತು. ನಿನ್ನ ಪಾಳಿ ಇಲ್ಲದ ದಿನ ಮಾತ್ರ ಎಲ್ಲಾ ನೆನಪಿರುತ್ತೆ," ಎಂದರು.

"ಸುಮ್ನಿರಿ ಅಕ್ಕ," ಎಂದೆ. ಕಿವಿ ಬಿಸಿಯಾಯಿತು. ಡಾಕ್ಟರಿಗೆ ಫೋನ್ ಮಾಡುವ ಮೊದಲು ಕೂದಲು ಸರಿಮಾಡಿಕೊಳ್ಳುವ ಹುಚ್ಚು ಆಗಲೇ ಹತ್ತಿತ್ತು. ಫೋನಿನಲ್ಲಿ ಕೂದಲು ಯಾರಿಗೆ ಕಾಣುತ್ತದೆ, ಹೇಳಿ.

ಅಷ್ಟರಲ್ಲಿ ಗಡಿಯಾರದ ತಾತನ ಫೈಲು ಬಂತು. ಗಡಿಯಾರ ರಿಪೇರಿ ಮಾಡುವ ಮುದುಕರು. ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಅದರಲ್ಲೂ ಆ ಸಾಲು ಇರಲಿಲ್ಲ. ಅಂದು ನನಗೆ ಜ್ವರ, ದಿಢೀರ್ ರಜೆ. ಅದು ಡಾಕ್ಟರಿಗೆ ಗೊತ್ತಿರಲಿಲ್ಲ. ನನ್ನ ಜಾಗದಲ್ಲಿ ಕೂತ ಹೊಸಬಳು ಯಾರನ್ನೂ ಕೇಳದೆ ಬರೀ ಸವೆತದ ಕೋಡ್ ಹಾಕಿ ಕಳಿಸಿದಳು. ಕಂಪನಿ ಒಲ್ಲೆ ಎಂದಿತು. ಆಪರೇಷನ್ ಮುಂದಕ್ಕೆ ಹೋಯಿತು.

ಜ್ವರ ಬಿಟ್ಟು ಬಂದವಳಿಗೆ ಅಕ್ಕನ ಮಾತು ನೆನಪಾಯಿತು. ನೆಟ್ಟಗೆ ಡಾಕ್ಟರ ಕೋಣೆಗೆ ಹೋದೆ. "ಆ ಸಾಲನ್ನ ಬೇಕಂತ್ಲೇ ಬಿಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೌದು. ಬಿಟ್ರೆ ನೀವು ಫೋನ್ ಮಾಡ್ತೀರಲ್ಲ, ಅದಕ್ಕೆ."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದ್ರೆ ಇದೇ ಸರ್. ಆ ತಾತನ ಬೆರಳು ಹೋದ್ರೆ ಅವರ ಕಸುಬೇ ಹೋಗುತ್ತೆ."

ಹೊರಗೆ ಬಂದು ಅತ್ತೆ. ಅರ್ಧ ತಾತನಿಗಾಗಿ. ಇನ್ನರ್ಧ, ಇಷ್ಟಪಟ್ಟುಬಿಟ್ಟಿದ್ದೇನಲ್ಲ, ಈ ಮನುಷ್ಯನನ್ನು ಇನ್ನು ಹೇಗೆ ನಂಬಲಿ ಎಂದು.

ಅಂದಿನಿಂದ ಅವರ ಫೈಲುಗಳು ಚಾಚೂ ತಪ್ಪದೆ ಪೂರ್ತಿಯಾಗಿ ಬಂದವು. ಫೋನ್ ಮಾಡುವ ಕೆಲಸವೇ ಉಳಿಯಲಿಲ್ಲ. ಕೋಣೆ ಬಿಕೋ ಎನ್ನುತ್ತಿತ್ತು. ಡಾಕ್ಟರು ಕಂಪನಿಯವರ ಬೆನ್ನು ಬಿಡದೆ ಒಪ್ಪಿಗೆ ತರಿಸಿ ಆಪರೇಷನ್ ಮುಗಿಸಿದರೆಂದು ಅಕ್ಕ ಹೇಳಿದರು. ತಾತನನ್ನು ನೋಡಿಕೊಂಡು ಬರೋಣ ಎಂದು ವಾರ್ಡಿಗೆ ಹೋದೆ.

ಬಾಗಿಲಲ್ಲೇ ನಿಂತೆ. ಡಾಕ್ಟರು ನನಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು.

"ತಡ ಆಗಿದ್ದು ಕಂಪನಿಯಿಂದ ಅಲ್ಲ ತಾತ. ತಪ್ಪು ನಂದು. ಒಬ್ಬರ ಫೋನ್ ಬರ್ಲಿ ಅಂತ ಬರೀಬೇಕಾದ್ದನ್ನ ಬರೀದೆ ಬಿಟ್ಟೆ. ಕ್ಷಮಿಸಿ."

ಕತ್ತಿಗೆ ದಪ್ಪ ಪಟ್ಟಿ ಹಾಕಿಕೊಂಡಿದ್ದ ತಾತ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. "ಆಡ್ತಿವೆ. ಅದಕ್ಕೆ ಈ ಸಲ ಬಿಟ್ಟೆ. ಇನ್ನೊಬ್ರಿಗೆ ಹೀಗ್ ಮಾಡ್ಬೇಡಿ." ಆಮೇಲೆ ದನಿ ತಗ್ಗಿಸಿದರು. "ಫೋನ್ ಮಾಡೋದು ಹುಡುಗಿನಾ?"

"ಹೌದು."

"ಹಾಗಾದ್ರೆ ಬಾಗಿಲಲ್ಲಿ ನಿಂತಿರೋಳು ಅವಳೇ ಇರ್ಬೇಕು. ನಾನಂತೂ ಕತ್ತು ತಿರುಗಿಸೋ ಹಾಗಿಲ್ಲ, ನಿಮ್ಮದು ತಿರುಗುತ್ತಲ್ಲ."

ಡಾಕ್ಟರು ತಿರುಗಿದರು. ಎದ್ದು ಬಾಗಿಲಿಗೆ ಬಂದರು.

"ಕೇಳಿಸ್ತಾ?"

"ಕೇಳಿಸ್ತು."

"ಹೇಳೋಕೆ ಧೈರ್ಯ ಇರ್ಲಿಲ್ಲ, ಅದಕ್ಕೆ ಫೈಲಿನ ಹಿಂದೆ ಅವಿತ್ಕೊಂಡೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಫೈಲ್ ಇಲ್ದೆ ಬಂದ್ರೂ ಮಾತಾಡ್ತೀರಾ?"

ಮುಚ್ಚಿಟ್ಟಿದ್ದರೆ ತಾತನಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಹೇಳಬೇಕಾದವರ ಮುಂದೆಯೇ ಕೂತು ಹೇಳಿದ್ದರು. ಇವರನ್ನು ನಂಬದೆ ಇನ್ಯಾರನ್ನು ನಂಬಲಿ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ನಂಗೂ ಇಷ್ಟ," ಎಂದೆ. "ಸಂಜೆ ಮನೆಗೇ ಬನ್ನಿ. ಅಮ್ಮನಿಗೆ ಹೇಳಿರ್ತೀನಿ. ಪ್ರಶ್ನೆ ಕೇಳೋದ್ರಲ್ಲಿ ಅವರು ನನಗೇ ಅಮ್ಮ."

ಎಡಗಣ್ಣು ಮೊದಲು ಸಣ್ಣದಾಯಿತು. "ಬರುವಾಗ ಏನು ತರ್ಲಿ?"

"ಏನೂ ಬೇಡ. ನೀವು ಬಂದ್ರೆ ಸಾಕು."